ಸಾಹೇಬರ ಹೆಸರಿಗೆ ಕತ್ತರಿ ಹಾಕಿದ ಭಾವ

ನನ್ನ ಭಾವನಿಗೆ, ಅಂದರೆ ತಂಗಿಯ ಗಂಡನಿಗೆ, ಜಗಳವಾಡಲು ಶತ್ರುವೇ ಬೇಕಿಲ್ಲ; ಒಂದಕ್ಷರ ಹೆಚ್ಚಾದರೆ ಸಾಕು! ಎಂಬತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಮುಂಬಯಿಯ ವಿಕ್ರೋಳಿಯಲ್ಲಿ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದೆವು. ನಾನು ಯಂತ್ರ ಮಾರುವವನು. ಅವನು ಯಂತ್ರಕ್ಕೂ ಪ್ರಿಂಟರಿಗೂ ಮಾತು ಬೆಸೆಯುವ ಡ್ರೈವರ್ ಎಂಬ ಪ್ರೋಗ್ರಾಮ್ ಬರೆಯುವವನು. ಡ್ರೈವರೇ ಅವನ ಮೊದಲ ಸಂಸಾರ; ನನ್ನ ತಂಗಿ ಎರಡನೆಯದು!

ಪ್ರಿಂಟರಿನ ಹೆಸರು ತೋರಿಸಲು ಪರದೆಗೆ ಹೋಗುವ ಸಾಲನ್ನು ಡ್ರೈವರ್ ಮೊದಲು ಮೆಮೊರಿಯ ಒಂದು ಪುಟ್ಟ ಜಾಗದಲ್ಲಿ ಜೋಡಿಸಿಕೊಳ್ಳುತ್ತದೆ. ಸಾಲು ಉದ್ದವಾದರೆ ಪಕ್ಕದ ಜಾಗಕ್ಕೆ ನುಗ್ಗುತ್ತದೆ. ಬೇರೆ ಪ್ರೋಗ್ರಾಮಾದರೆ ಅದೊಂದೇ ಸಾಯುತ್ತದೆ. ಡ್ರೈವರ್ ಇರುವುದು ಯಂತ್ರದ ಜೀವಸ್ಥಾನದಲ್ಲಿ; ಅದು ಸತ್ತರೆ ಇಡೀ ಯಂತ್ರವೇ ಗೋತಾ! ಎಲ್ಲರೂ ಅಳತೆ ನೋಡದೆ ಬರೆಯುತ್ತಿದ್ದಾಗ, ಭಾವ ಜಾಗ ನೋಡಿ ಮಿಕ್ಕಿದ್ದನ್ನು ಕತ್ತರಿಸುವ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಣುಕು, ಬರೆದ.

"ಇದೇನು ಲೋಕಲ್ ಟ್ರೇನಾ, 'ಥೋಡಾ ಸರ್ಕೋ', ಸ್ವಲ್ಪ ಸರೀರಿ ಅಂತ ಮೂವರ ಸೀಟಲ್ಲಿ ನಾಲ್ಕನೆಯವನೂ ಕೂರೋಕೆ?" ಎನ್ನುತ್ತಿದ್ದ.

ಒಮ್ಮೆ ನಮ್ಮ ಸಾಹೇಬರು ಡೆಮೊಗೆಂದು ಹೊಸ ಪ್ರಿಂಟರಿಗೆ ತಮ್ಮ ಹೆಸರನ್ನೇ ಇಟ್ಟರು. ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಬಾಲಕ್ಕೆ ಡಿಗ್ರಿ! ತಾಲೀಮಿನಲ್ಲಿ ಪರದೆಯ ಮೇಲೆ ಅಡ್ಡಹೆಸರು ಅರ್ಧಕ್ಕೇ ನಿಂತಿತು.

"ಅರೇ, ಮೇರಾ ನಾಮ್ ಕಾಟ್ ದಿಯಾ?" ನನ್ನ ಹೆಸರನ್ನೇ ಕತ್ತರಿಸಿದೆಯಾ ಎಂದು ಸಾಹೇಬರು ಎಗರಿದರು.

"ನಾಮ್ ಕಟಾ ಸಾಬ್, ಮಷೀನ್ ಬಚಾ!" ಎಂದ ಭಾವ. ಹೆಸರು ತುಂಡಾಯಿತು, ಯಂತ್ರ ಉಳಿಯಿತು!

"ನಿಕಾಲೋ ವೋ ಕೈಂಚಿ! ನಹೀಂ ತೋ ನೌಕರಿ ಜಾಯೇಗೀ." ಆ ಕತ್ತರಿ ತೆಗಿ, ಇಲ್ಲವೇ ನೌಕರಿ ಹೋಯಿತು ಎಂದರು ಸಾಹೇಬರು.

"ಜಾನೇ ದೋ!"

ಮಾಟುಂಗದ ಮನೆಯಲ್ಲಿ ತಂಗಿ ಹಣೆ ಚಚ್ಚಿಕೊಂಡಳು: "ಕೆಲಸ ಹೋದ್ರೆ ಗತಿ ಏನ್ರೀ?"

"ಹೋಗ್ಲಿ ಬಿಡೆ. ಗೊತ್ತಿದ್ದೂ ತಪ್ಪು ಬರೀಲಾ?"

ಸಾಹೇಬರು ಇನ್ನೊಬ್ಬನಿಂದ ಆ ಕತ್ತರಿ ತೆಗೆಸಿದರು. ಡೆಮೊದ ದಿನ ಗ್ರಾಹಕರೆದುರು ಸ್ವಿಚ್ ಒತ್ತಿದರೆ, ಹೆಸರಿರಲಿ, ಒಂದಕ್ಷರವೂ ಮೂಡಲಿಲ್ಲ. ಯಂತ್ರ ಹೆಣ! ಯಾರೋ ಕಿಸಕ್ಕೆಂದರು, ಸಭೆಯೇ ನಕ್ಕಿತು. ನಾನು ಆಸೆಯಿಂದ ಭಾವನತ್ತ ನೋಡಿದೆ: ಈಗ ಝಾಡಿಸಪ್ಪ!

ಭಾವ ಎದ್ದು ನಿಂತ. "ಗಲತೀ ಮೇರೀ ಹೈ. ಆಪ್ ಲೋಗ್ ಚಾಯ್ ಪೀಕೇ ಆಯಿಯೇ" ಎಂದ. ತಪ್ಪು ತನ್ನದಂತೆ, ಎಲ್ಲರೂ ಚಹಾ ಕುಡಿದು ಬರಬೇಕಂತೆ!

ಚಹಾ, ವಡಾಪಾವ್, ಮತ್ತೆ ಚಹಾ ಮುಗಿಯುವಷ್ಟರಲ್ಲಿ ತನ್ನ ಫಂಕ್ಷನ್ ಮರಳಿ ಸೇರಿಸಿದ. ಜಾಗವನ್ನು ಮಾತ್ರ ಹಿಗ್ಗಿಸಿದ್ದ. ಸಾಹೇಬರ ಹೆಸರು ಡಿಗ್ರಿಸಮೇತ ಮೂಡಿತು, ಯಂತ್ರ ಅಲುಗಲಿಲ್ಲ.

ಸಂಜೆ ಲೋಕಲ್‌ನಲ್ಲಿ ನಾನು ರೇಗಿದೆ: "ಜಗಮೊಂಡ ನೀನು! ಮಾಡದ ತಪ್ಪು ಯಾಕೆ ಒಪ್ಪಿಕೊಂಡೆ?"

ಭಾವ ಕಿಟಕಿಯ ಕಡೆಯಿಂದ ನನ್ನತ್ತ ತಿರುಗಿದ.

"ಮುಂದಿನ ಸಾಲಲ್ಲಿ ಒಂಬತ್ತು ಗಜದ ಸೀರೆಯ ಮುದುಕಿ ಕೂತಿದ್ರಲ್ಲ, ಅವರು ಸಾಹೇಬರ ತಾಯಿ ಕಣೋ. ಮಗನ ಹೆಸರು ನೋಡೋಕೇಂತ ಗೋರೆಗಾಂವ್‌ನಿಂದ ಬಂದಿದ್ರು. ಎಲ್ಲರೂ ನಕ್ಕಾಗ, ಯಾಕೇಂತ ತಿಳೀದೆ, ಪಾಪ, ಅವರೂ ನಕ್ಕುಬಿಟ್ಟರು."