ಪಾರ್ಲೆದ ಅಳೂ ಗಾಡಿ

ಮುಂಬೈದ ಬೈಕುಲ್ಲಾದಾಗ ನಂದೊಂದು ಸಣ್ಣ ಗ್ಯಾರೇಜ್ ಐತಿ. ಅಲ್ಲಿಗೆ ಬರೂವು ಬರೇ ಹಳೀ ಡರ್ಟ್ ಬೈಕ್, ಅಂದ್ರ ಕೆಸರಿನ್ಯಾಗ, ಗುಡ್ಡದಾಗ ಜಿಗಿಸಾಕಂತ ಮಾಡಿದ ಗಾಡಿ. ಇವಕ್ಕ ಲೈಟ್ ಇರೂದಿಲ್ಲ, ಹಾರ್ನ್ ಇರೂದಿಲ್ಲ, ಬ್ಯಾಟರಿ ಇರೂದಿಲ್ಲ, ಚಾವಿನೂ ಇರೂದಿಲ್ಲ. ಕಿಕ್ ಹೊಡದ್ರ ಚಾಲೂ, ಹ್ಯಾಂಡಲ್ ಮ್ಯಾಲಿನ ಬಟನ್ ಒತ್ತಿದ್ರ ಬಂದ್. ಇಂಥಾ ಗಾಡಿ ನಲವತ್ತು ವರ್ಷ ಬಾಳಿದ್ರ ಅದಕ್ಕ ಏನರ ಒಂದು ಮೆಟ್ಟಿಕೊಂಡಿರತೈತಿ ಅಂತ ಗಿರಾಕಿಗೋಳ ನಂಬಿಕಿ. ವಾರಕ್ಕೊಬ್ಬರರ ಬಂದು, “ಮಿಸ್ತ್ರಿ, ಇದ್ರಾಗ ಏನೋ ಐತಿ” ಅಂತಾರ. “ಐತ್ರಿ, ಕಾರ್ಬ್ಯುರೇಟರಿನ್ಯಾಗ ಕಚರಾ ಐತಿ” ಅಂತೀನಿ ನಾ. ಇಷ್ಟು ವರ್ಷ ಇದ ಜವಾಬ್ ನಡೀತು. ಒಂದ ಒಂದು ಗಾಡಿ ಮಾತ್ರ ನನ್ನ ಬಾಯಿ ಮುಚ್ಚಿಸ್ತು.

೧. ಮಧ್ಯಾಹ್ನದ ಅಳು

ಒಂದಿನ ಉಡುಪಿ ಕಡೆಯ ಅಕ್ಕಾರೊಬ್ರು ವಿಲೆ ಪಾರ್ಲೆದಿಂದ ಲೋಕಲ್ ಹಿಡದು ಗ್ಯಾರೇಜಿಗೆ ಬಂದ್ರು. ಅರವತ್ತು ದಾಟಿದವರು. ಗಂಡ ಹೋಟೆಲ್ ನಡಸತಿದ್ರಂತ, ಹ್ವಾದ ವರ್ಷ ತೀರಿಕೊಂಡ್ರು. ಅವರದೊಂದು ಹಳೀ ಡರ್ಟ್ ಬೈಕ್ ಬಿಲ್ಡಿಂಗಿನ ಕೆಳಗ, ನೀರಿನ ಟಾಕಿ ಸಂದಿಯೊಳಗ ನಿಂತೈತಿ.

“ಅದು ಅಳ್ತದೆ ಮಾರಾಯ್ರೆ” ಅಂದ್ರು ಅಕ್ಕಾರು. “ದಿನಾ ಮಧ್ಯಾಹ್ನ ಅಳ್ತದೆ. ಬಿಲ್ಡಿಂಗಿನವರಿಗೆಲ್ಲ ಹೆದರಿಕೆ. ಬರೋ ಆದಿತ್ಯವಾರ ಬಿಲ್ಡಿಂಗ್ ಸೊಸೈಟಿಯ ಮೀಟಿಂಗ್ ಉಂಟು. ಅಷ್ಟರೊಳಗೆ ಅದು ಸರಿಯಾದ ಗಾಡಿ ಅಂತ ತೋರಿಸ್ಬೇಕಂತೆ, ಇಲ್ಲಾಂದ್ರೆ ಭಂಗಾರದವನಿಗೆ, ಅದೇ ಗುಜರಿಯವನಿಗೆ, ಕೊಡ್ತಾರಂತೆ. ನಂಗೆ ಕೊಡ್ಲಿಕ್ಕೆ ಆಗುದಿಲ್ಲ. ಹ್ಯಾಂಡಲ್ ಹಿಡಿದ್ರೆ ಅವರ ಕೈ ಹಿಡಿದ ಹಾಗೇ ಆಗ್ತದೆ.”

ಮರುದಿನ ಮಧ್ಯಾಹ್ನ ಪಾರ್ಲೆಗೆ ಹೋದೆ. ಬಿಲ್ಡಿಂಗಿನ ಕೆಳಗ ಒಂದು ನರಪಿಳ್ಳಿ ಇಲ್ಲ. ಬೆಕ್ಕು ಸುದ್ದಾ ಆ ಸಂದಿ ಬಿಟ್ಟು ಸುತ್ತು ಹಾಕಿ ಹೋತು. ನಾ ಗಾಡಿ ಹತ್ರ ಕುಂತೆ. ಸುರುವಾತು ನೋಡ್ರಿ… ಊಂ… ಅಂತ. ಹೆಣ್ಮಗಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಂಗ. ಖರೇ ಹೇಳ್ತೀನಿ, ಮೈಮ್ಯಾಲಿನ ಕೂದಲ ಎದ್ದು ನಿಂತ್ವು.

ಆದ್ರ ಕೆಲಸ ಕೆಲಸರಿ. ಕಿವಿ ಹಚ್ಚಿ ಹುಡುಕಿದೆ. ಸೈಲೆನ್ಸರಿನ ಹಿಂದಿನ ಮುಚ್ಚಳ ಬಿದ್ದು ಹೋಗಿತ್ತು. ಸಂದಿಗುಂಟ ಬರೂ ಸಮುದ್ರದ ಗಾಳಿ ಆ ಕೊಳವಿ ಬಾಯಾಗ ಬಡದು ಕೊಳಲು ಊದಿದಂಗ ಆಗತಿತ್ತು. ಅಂಗೈ ಇಟ್ಟೆ, ಅಳು ನಿಂತು. ತಗದೆ, ಮತ್ತ ಅಳು. ಹಿಂಗ ನಾಕು ಸರ್ತಿ ಮಾಡಿದೆ. ಹಿಂದ ತಿರುಗಿ ನೋಡಿದ್ರ ವಾಚ್‌ಮನ್ ಕೈ ಮುಗದು ನಿಂತಾನ. ಅವನೂ ನಮ್ಮ ಕಲಬುರಗಿ ಕಡೆಯಾಂವ.

“ಯಣ್ಣಾ, ನೀ ಸವರಿದ್ರ ಸಾಹೇಬ್ರು ಸುಮ್ನಾಗ್ತಾರಲ್ಲ! ನನ್ನ ಡ್ಯೂಟಿ ಎರಡರಿಂದ ಎಂಟರ ಮಟ ಐತಿ, ಅಷ್ಟೊತ್ತೂ ಇಲ್ಲೇ ಕುಂದ್ರೋ ಯಪ್ಪಾ.”

೨. ಜೀವ ಬಿಡದ ಇಂಜಿನ್

ಗಾಡಿನ ಟೆಂಪೋದಾಗ ಹಾಕಿ ಗ್ಯಾರೇಜಿಗೆ ತಂದೆ. ಅಕ್ಕಾರೂ ಬೆನ್ನ ಹಿಂದ ಬಂದು ಸ್ಟೂಲ್ ಮ್ಯಾಲ ಕುಂತ್ರು. ಕಾರ್ಬ್ಯುರೇಟರ್ ತೊಳದೆ, ಹೊಸಾ ಪೆಟ್ರೋಲ್ ಹಾಕಿ ಕಿಕ್ ಹೊಡದೆ. ಮೂರನೇ ಕಿಕ್ಕಿಗೆ ಎದ್ದು ಕುಂತು. ಹತ್ತು ನಿಮಿಷ ಓಡಿಸಿ, ಸಾಕು ಅಂತ ಬಟನ್ ಒತ್ತಿದೆ. ನಿಲ್ಲಲಿಲ್ಲ.

ಬಟನ್ ಕೆಟ್ಟಿರಬೇಕು ಅಂತ ಪ್ಲಗ್ಗಿನ ವೈರೇ ಕಿತ್ತು ಕೈಯಾಗ ಹಿಡದೆ. ವೈರ್ ನನ್ನ ಕೈಯಾಗ, ಇಂಜಿನ್ನಿಗೆ ಕರೆಂಟಿಲ್ಲ, ಆದ್ರೂ ಢರ್ ಢರ್ ಅಂತ ಓಡಾಕ ಹತ್ತೈತಿ! ಬಾಜೂಕಿನ ಅಂಗಡಿಯ ವೆಲ್ಡಿಂಗ್ ಚಾಚಾ ಬಂದು ನೋಡಿ, ಶಟರ್ ಅರ್ಧ ಇಳಿಸಿಕೊಂಡ. ಆಮ್ಯಾಲ ತಲಿ ಓಡ್ತು. ವರ್ಷಗಟ್ಟಲೆ ಕೂತ ಮಸಿ ಒಳಗ ಕೆಂಡಾಗೈತಿ, ಆ ಕೆಂಡಕ್ಕ ಪೆಟ್ರೋಲ್ ತಾನ ಹೊತ್ತಾಕ ಹತ್ತೈತಿ. ಗಾಳಿ ಒಳಗ ಹೋಗೂ ಬಾಯಿಗೆ ಅಂಗೈ ಒತ್ತಿ ಹಿಡದ ಮ್ಯಾಲ ಅದು ನಾಕು ಸಲ ಕೆಮ್ಮಿ, ಒಲ್ಲದ ಮನಸಿಲೆ ನಿಂತು.

ಅಕ್ಕಾರು ಮಾತ್ರ ಕುಂತಲ್ಲಿಂದ ಏಳಲಿಲ್ಲ. “ಹೆದರ್ಬೇಡಿ. ಅವರದ್ದೂ ಇದೇ ಕತೆ. ಹೊರಡುವಾ ಅಂತ ಚಪ್ಪಲಿ ಹಾಕಿದ ಮೇಲೆ ಅರ್ಧ ಗಂಟೆ ಬಾಗಿಲಲ್ಲಿ ನಿಂತು ಮಾತಾಡ್ತಿದ್ರು” ಅಂದ್ರು.

ಅಂದು ನಕ್ಕರು, ನಕ್ಕೋತ ಅತ್ತರು. ನಾ ನಟ್ ಬಿಚ್ಚೂ ಪಾನಾ ಹುಡಕೂ ನೆವ ಮಾಡಿ ಹೊರಗ ಹೋದೆ.

೩. ವಾಸನಿ

ಶನಿವಾರ ಗಾಡಿ ವಾಪಸ್ ಪಾರ್ಲೆಗೆ ಒಯ್ದೆ. ಹಳೀ ರೇಸಿನವರು ಪೆಟ್ರೋಲಿನ್ಯಾಗ ಔಡಲೆಣ್ಣಿ, ಅಂದ್ರ ಹರಳೆಣ್ಣಿ ಬೆರಸತಿದ್ರು, ಅದರ ಹೊಗಿಗೆ ಬ್ಯಾರೇನ ಒಂದು ವಾಸನಿ. ತಮ್ಮ ಯಜಮಾನರೂ ಅದನ್ನ ಹಾಕತಿದ್ರು ಅಂತ ಅಕ್ಕಾರು ಹೇಳಿದ್ರು, ನಾನೂ ಅದನ್ನ ಹಾಕಿದೆ. ಸಂಜೀ ಮುಂದ ಕೆಳಗ ಚಾಲೂ ಮಾಡಿದೆ. ಹೊಗಿ ಮೆಟ್ಟಲಗುಂಟ ಮ್ಯಾಲ ಏರಿತು.

ಒಂದನೇ ಮಾಳಿಗಿ ಕಿಟಕಿ ತೆರೀತು. ಆಮ್ಯಾಲ ಎರಡನೇದು, ಮೂರನೇದು. ಮಂದಿ ಮುಖ ಹೊರಗ ಹಾಕಿ ಗಾಳಿ ಮೂಸಿ ನೋಡಾಕ ಹತ್ತಿದ್ರು. ವರ್ಷದ ಹಿಂದ ಸತ್ತ ಮನಿಷಾನ ಗಾಡಿ ವಾಸನಿ, ಅವರು ಮನಿಗೆ ಬರತಿದ್ದ ಅದ ಹೊತ್ತಿಗೆ, ಅದ ಮೆಟ್ಟಲದಾಗ. ಯಾರೋ “ಆಲೇ” ಅಂದ್ರು, ಮರಾಠಿಯೊಳಗ ‘ಬಂದ್ರು’ ಅಂತ.

ಮೂರನೇ ಮಾಳಿಗಿಯ ಅಜ್ಜಿ ಒಬ್ಬಾಕಿ ಮಾತ್ರ ಬಗ್ಗಿ ನನ್ನ ಕರದಳು: “ಖರೇನ ಬಂದಾರೇನು? ಹಂಗಾದ್ರ ಕೇಳಪ್ಪಾ, ನಮ್ಮನಿ ಡ್ರಿಲ್ ಮಷಿನ್ ಒಯ್ದಿದ್ರು, ಎಲ್ಲಿಟ್ಟಾರಂತ.”

೪. ಆದಿತ್ಯವಾರದ ಮೀಟಿಂಗ್

ಮರುದಿನ ಹತ್ತಕ್ಕ ಎಲ್ಲಾರೂ ಕೆಳಗ ನೆರದ್ರು. ಭಂಗಾರದವ ಆಗಲೇ ಕೈಗಾಡಿ ತಂದು ಗೇಟಿನ್ಯಾಗ ನಿಂತಿದ್ದ. ಅಕ್ಕಾರ ಮುಖ ಬಿಳಚಿತ್ತು. ಇವತ್ತು ಗಾಡಿ ಕೈ ಕೊಟ್ರ ಈ ಹೆಣ್ಮಗಳ ಮುಂದ ಹ್ಯಾಂಗ ನಿಲ್ಲೂದು?

ನಾ ಕಿಕ್ ಹೊಡಿಯಾಕ ಹೋದ್ರ ಸೊಸೈಟಿ ಸೆಕ್ರೆಟರಿ ತಡದ. “ನೀನು ಅವರ ಕಡೆಯ ಮನುಷ್ಯ. ನಾನೇ ನೋಡ್ತೀನಿ. ಭೂತ್-ವೂತ್ ಕುಛ್ ನಹೀ ಹೋತಾ, ದೆವ್ವ-ಗಿವ್ವ ಏನೂ ಇಲ್ಲ” ಅಂತ ಪ್ಯಾಂಟ್ ಏರಿಸಿಕೊಂಡು ತಾನ ಹತ್ತಿ ಕುಂತ. ಬಾಯಿ ಏನೋ ಧೈರ್ಯ ಹೇಳತಿತ್ತು, ಕಾಲಿಗೆ ಮಾತ್ರ ಧೈರ್ಯ ಇರಲಿಲ್ಲ. ಅರ್ಧಾ ಮನಸಿಲೆ ಒಂದು ಕಿಕ್ ಹೊಡದ. ಗಾಡಿ ಚಾಲೂ ಆತು. ಎಲ್ಲಾರ ಕಡೆ ನೋಡಿ ಮೀಸಿ ತಿರುವಿದ, ಗೇರ್ ಹಾಕಿದ, ಕ್ಲಚ್ ಬಿಟ್ಟ.

ಗಾಡಿ ಹಿಂದಕ್ಕ ಹೋತು.

ರಿವರ್ಸ್ ಗೇರೇ ಇಲ್ಲದ ಗಾಡಿ, ಸೆಕ್ರೆಟರಿನ್ನ ಹೊತ್ತುಕೊಂಡು, ಜನರ ನಡುವಿನಿಂದ ಹಿಂದ ಹಿಂದಕ್ಕ ಹೊಂಟಿತು. ಅವ “ಅರೇ, ಅರೇ!” ಅಂತ ಕಾಲು ಎಳಕೋತ ಹೋಗತಾನ, ಗಾಡಿ ಬಿಡವಲ್ದು. ನೆಟ್ಟಗ ಹೋಗಿ ‘ಸೆಕ್ರೆಟರಿ’ ಅಂತ ಬೋರ್ಡ್ ಹಾಕಿದ ಖಾಲಿ ಪಾರ್ಕಿಂಗಿನ್ಯಾಗ ಗ್ವಾಡಿಗೆ ಹಿಂದಿನ ಗಾಲಿ ಹಚ್ಚಿ ತಾನ ನಿಂತು. ಭಂಗಾರದವ ತನ್ನ ಕೈಗಾಡಿ ಎಳಕೊಂಡು ಯಾವಾಗ ಓಡಿದ್ನೋ ಯಾರಿಗೂ ಗೊತ್ತಿಲ್ಲ.

ನನಗ ಕಾರಣ ಗೊತ್ತಿತ್ತರಿ. ಇಂಥಾ ಹಳೀ ಟೂ-ಸ್ಟ್ರೋಕ್ ಇಂಜಿನ್ನಿಗೆ ಹಿಂದು ಮುಂದಿನ ಭೇದ ಇಲ್ಲ. ಕಿಕ್ ಪೂರ್ತಿ ಬೀಳದಿದ್ರ ಒಮ್ಮೊಮ್ಮೆ ಉಲ್ಟಾ ತಿರಗಾಕ ಹತ್ತತಾವ, ಸಪ್ಪಳದಾಗ ಫರಕ್ ಗೊತ್ತಾಗೂದಿಲ್ಲ. ಹೇಳಬೇಕಂತ ಬಾಯಿ ತಗದೆ. ಅಕ್ಕಾರು ನನ್ನ ಕಾಲು ಜೋರಾಗಿ ತುಳದ್ರು.

“ಸುಮ್ಮನಿರಿ ಮಾರಾಯ್ರೆ. ಅವರೇ ಮಾತಾಡ್ತಾ ಇದ್ದಾರೆ.”

ಎಲ್ಲಾರೂ ಹ್ವಾದ ಮ್ಯಾಲ, ಸಮಾಧಾನಕ್ಕಂತ, ನಾನೂ ಹಂಗ ಅರ್ಧಾ ಕಿಕ್ ಹೊಡದು ನೋಡಿದೆ. ಹತ್ತು ಸಲ, ಇಪ್ಪತ್ತು ಸಲ. ಪ್ರತೀ ಸಲ ಮುಂದಕ್ಕ ಹೋತು. ಒಂದು ಸಲನೂ ಹಿಂದಕ್ಕ ಹೋಗಲಿಲ್ಲ. ಇದನ್ನ ನಾ ಅಕ್ಕಾರಿಗೂ ಹೇಳಿಲ್ಲ.

ಮಂಗಳವಾರ ಸೊಸೈಟಿಯ ಕಾಗದ ಬಂತು. ಅಕ್ಕಾರು ಫೋನ್ ಮಾಡಿ ಓದಿ ಹೇಳಿದ್ರು. ಕಾಗದ ಅಕ್ಕಾರ ಹೆಸರಿಗಲ್ಲ, ತೀರಿಹ್ವಾದ ಯಜಮಾನರ ಹೆಸರಿಗೆ ಇತ್ತು: ‘ಸನ್ಮಾನ್ಯರೇ, ತಾವೇ ಆರಿಸಿಕೊಂಡ ಜಾಗವನ್ನು ತಮ್ಮ ವಾಹನಕ್ಕೆ ಕಾಯಂ ಆಗಿ ಕೊಡಲಾಗಿದೆ. ಇನ್ನು ಮುಂದೆ ತಾವು ಶಾಂತರಾಗಿರಬೇಕೆಂದು ವಿನಂತಿ.’

ನಾ ಬಿದ್ದು ಬಿದ್ದು ನಕ್ಕೆ. ಅಕ್ಕಾರು ನಗಲಿಲ್ಲ, ಒಂದು ನಿಟ್ಟುಸಿರು ಬಿಟ್ರು.

“ಬದುಕಿದ್ದಾಗ ಇಪ್ಪತ್ತೆರಡು ವರ್ಷ ಅರ್ಜಿ ಕೊಟ್ರು ಮಾರಾಯ್ರೆ. ಬೊಂಬಾಯಲ್ಲಿ ಪಾರ್ಕಿಂಗ್ ಬೇಕಾದ್ರೆ ಮೊದ್ಲು ಸಾಯ್ಬೇಕು ಅಂತ ಪಾಪ ಅವರಿಗೆ ಯಾರೂ ಹೇಳಿರ್ಲಿಲ್ಲ.”