ಮಡಿಯಲ್ಲಿ ಸಿಕ್ಕ ಪೆಡಲ್

ಸುಯಮೀಂದ್ರ: ಅವ್ವಾ, ಇದು ಆಟ ಅಲ್ಲ. ಸಂಜೀಕ ಹಾನಗಲ್ಲದಾಗ ಮದವಿ ರಿಸೆಪ್ಶನ್ನಿಗೆ ನಮ್ಮ ಬ್ಯಾಂಡ್ ನುಡಸೂದದ. ಬಸವೇಶ ಕಾರ್ ತೊಗೊಂಡು ಇನ್ನೇನು ಬಂದಬಿಡ್ತಾನ. ನನ್ನ ಪೆಡಲ್ ಕೊಟ್ಟಬಿಡು.

ಕೃಷ್ಣಾಬಾಯಿ: ಹೊಸ್ತಿಲಾ ದಾಟಬ್ಯಾಡ. ನಾ ಮಡಿಲೆ ಇದ್ದೇನಿ. ಈಗ ನಿನ್ನ ಡಬ್ಬೀನೂ ಮಡಿಲೆ ಅದ.

ಡಬ್ಬಿ: ರಾಮ… ರಾಮ… ರಾಮ…

(ಸುಯಮೀಂದ್ರ ಹಲ್ಲಿನ ಡಾಕ್ಟರರೆಂಬುದು ಶಿಗ್ಗಾಂವಕ್ಕೆಲ್ಲ ಗೊತ್ತು, ಗಿಟಾರ್ ವಾದಕರೆಂಬುದು ಅವರೊಬ್ಬರಿಗೇ ಗೊತ್ತು. ಡಬ್ಬಿ ಎಂದರೆ ಅವರ ಡಿಲೇ ಪೆಡಲ್. ತಂತಿ ಒಮ್ಮೆ ನುಡಿದದ್ದನ್ನು ಮತ್ತೆ ಮತ್ತೆ ನುಡಿಯುವ, ಕಾಲಲ್ಲಿ ಒತ್ತುವ, ಎಂಬತ್ತರ ದಶಕದ ಜಪಾನಿ ಸಾಮಾನು. ಈಗ ಅದು ದೇವರ ಮನೆಯಲ್ಲಿ ಒಂದು ಮೈಕಿಗೂ ಒಂದು ಸಣ್ಣ ಸ್ಪೀಕರಿಗೂ ಗಂಟು ಬಿದ್ದು, ಬೆಳಗಿನಿಂದ ಅವರ ತಾಯಿಯ ಧ್ವನಿಯಲ್ಲಿ ರಾಮನಾಮ ಹೇಳುತ್ತಿದೆ. ಮೇಲೊಂದು ಗಂಧ ತೇಯುವ ಸಾಣೆಕಲ್ಲು ಕೂತಿದೆ.)

ಸುಯಮೀಂದ್ರ: ಅದರ ಮ್ಯಾಲೆ ಕಲ್ಲು ಯಾರಿಟ್ರು?

ದೀಪ್ತಿ: ನಾನು. ಒತ್ತಿ ಹಿಡಿದಷ್ಟು ಹೊತ್ತು ಒಂದೇ ಮಾತು ಹೇಳತದ ಅಂತ ನೀವ ತೋರಿಸಿದ್ರೆಲ್ಲ. ದೇವರ ಮನ್ಯಾಗ ಕಾಲಿಲೆ ಒತ್ತಿಕೋತ ಯಾರು ನಿಂದರಬೇಕು? ಕಲ್ಲಿಟ್ಟೆ.

ಸುಯಮೀಂದ್ರ: ನೀ ನನ್ನ ಹೆಂಡತಿಯೋ ಅವ್ವನ ಮೆಕ್ಯಾನಿಕ್ಕೋ?

ದೀಪ್ತಿ: ಅತ್ಯಾರದು ಲಕ್ಷ ರಾಮನಾಮದ ಸಂಕಲ್ಪ. ಇವತ್ತ ದೀಪಾ ಹಚ್ಚೋದರಾಗ ಮುಗೀಬೇಕು. ನಿನ್ನೆಯಿಂದ ಗಂಟಲಾ ಬಿದ್ದದ.

ಸುಯಮೀಂದ್ರ: ಬೈಲಿಕ್ಕೆ ಬಿದ್ದಿಲ್ಲಲ್ಲ.

ಕೃಷ್ಣಾಬಾಯಿ: ಅದು ಬ್ಯಾರೆ ಗಂಟಲಾ.

ಸುಯಮೀಂದ್ರ: ಅವ್ವಾ, ಯಂತ್ರ ಮಾಡಿದ ಜಪಾ ಲೆಕ್ಕಕ್ಕ ಬರ್ತದೇನು?

ಕೃಷ್ಣಾಬಾಯಿ: ಧ್ವನಿ ನಂದು, ಸಂಕಲ್ಪ ನಂದು. ಕರೆಂಟ್ ಅಷ್ಟ ಸರ್ಕಾರದ್ದು. ಸರ್ಕಾರಕ್ಕೂ ಒಂದೀಟು ಪುಣ್ಯ ಹೋಗಲಿ ಬಿಡು.

ಡಬ್ಬಿ: ರಾಮ… ರಾಮ…

ಸುಯಮೀಂದ್ರ: ನನ್ನ ಹತ್ರ ಹೊಸಾ ಪೆಡಲ್ ಅದ. ಅದನ್ನ ಕೊಡ್ತೇನಿ, ತೊಗೋ. ಅದರಾಗ ಜಪಾ ಇನ್ನೂ ಛಲೋ ಆಗ್ತದ.

ಕೃಷ್ಣಾಬಾಯಿ: ಅಷ್ಟು ಛಲೋ ಇದ್ರ ಅದನ್ನ ನೀನ ಹಾನಗಲ್ಲಕ್ಕ ಯಾಕ ಒಯ್ಯೂದಿಲ್ಲ?

ಸುಯಮೀಂದ್ರ: ಅದು… ಭಾಳ ಸ್ವಚ್ಛ ಅದ.

ಕೃಷ್ಣಾಬಾಯಿ: ದೀಪ್ತಿ, ಕೇಳಿದೇನು? ಹಲ್ಲಿನ ಡಾಕ್ಟರು ಸ್ವಚ್ಛ ಇದ್ದದ್ದು ಬ್ಯಾಡ ಅನ್ನಲಿಕ್ಕತ್ತಾರ.

ದೀಪ್ತಿ: ದವಾಖಾನ್ಯಾಗ ಹಳೇ ಹಲ್ಲು ಕಂಡ್ರ ಸಾಕು, ಕಿತ್ತು ಹೊಸಾದು ಕೂಡಸೋಣ ಅಂತಾರ್ರಿ. ಮನ್ಯಾಗ ಮಾತ್ರ ಹಳೇದಕ್ಕ ಇಷ್ಟು ಮರ್ಯಾದಿ.

ಸುಯಮೀಂದ್ರ: ಹಲ್ಲಿಗೂ ಇದಕ್ಕೂ ಹೋಲಿಸಬ್ಯಾಡ. ನಿಮಗ ಕಿವಿ ಇಲ್ಲ.

(ಎಂದು ಸುಯಮೀಂದ್ರ ಕಣ್ಣು ಮುಚ್ಚಿದರು. ಅವರು ಕಣ್ಣು ಮುಚ್ಚಿದರೆ ಉಪನ್ಯಾಸ ಶುರುವಾಯಿತೆಂದು ಅರ್ಥ. ದೀಪ್ತಿ ಪಕ್ಕದಲ್ಲಿದ್ದ ಮೆಂತ್ಯದ ಸಿವುಡು ಎಳೆದುಕೊಂಡು ಸೋಸತೊಡಗಿದಳು.)

ಸುಯಮೀಂದ್ರ: ಹೊಸಾದು ಏನಂದ್ರೂ ಅಂದಂಗ ಅಂತದ. ಗಿಳಿಪಾಠ. ಹಳೇದು ಹಂಗಲ್ಲ. ಆಗಿನ ಚಿಪ್ಪಿಗೆ ನೆನಪು ಕಮ್ಮಿ. ನೀವು ಕೊಟ್ಟ ಧ್ವನಿ ಪೂರ್ತಿ ಹಿಡಸೂದಿಲ್ಲ ಅದಕ್ಕ. ಮ್ಯಾಲಿನ ಹೊಳಪೆಲ್ಲಾ ತಿಂದುಬಿಡ್ತದ. ತಿಂದು ಉಳಿದದ್ದನ್ನ ತಿರುಗಿ ಕೊಡ್ತದ. ಆ ಉಳಿದದ್ದರಾಗ ಏನು ಸವಿ ಅದ, ಏನು ಮೆತ್ತಗ ಅದ…

(ಕೃಷ್ಣಾಬಾಯಿಯವರ ಕೈಯಲ್ಲಿದ್ದ ಜಪಸರ ನಿಂತಿತು.)

ಕೃಷ್ಣಾಬಾಯಿ: ಏನಂದಿ? ತಿಂತದ?

ಸುಯಮೀಂದ್ರ: ಹೂಂ. ಅದೇ ಅದರ ದೊಡ್ಡಸ್ತಿಕಿ.

ಕೃಷ್ಣಾಬಾಯಿ: ಮೊದಲ ತಾ ತಿಂದು, ಉಳಿದದ್ದನ್ನ ದೇವರ ಮುಂದ ಇಡ್ತದ?

ಸುಯಮೀಂದ್ರ: ಹಂಗ ಅನ್ಲಿಕ್ಕೆ ಅಡ್ಡಿ ಇಲ್ಲ.

ಕೃಷ್ಣಾಬಾಯಿ: ಅಯ್ಯ ನಮ್ಮಪ್ಪ. ಹಂಗಂದ್ರ ಮುಂಜಾನಿಂದ ನಾ ರಾಯರ ಮುಂದ ಎಂಜಲಾ ನೈವೇದ್ಯ ಮಾಡಲಿಕ್ಕತ್ತೇನಿ.

ಡಬ್ಬಿ: ರಾಮ… ರಾಮ…

(ಸುಯಮೀಂದ್ರರ ಕಣ್ಣು ತೆರೆಯಿತು. ದಾರಿಯೂ ತೆರೆಯಿತು.)

ಸುಯಮೀಂದ್ರ: ಹೌದವ್ವಾ. ಪೂರ್ತಿ ಎಂಜಲಾ.

ದೀಪ್ತಿ: ರೀ, ಸ್ವಲ್ಪ ನೋಡಿಕೊಂಡು ಮಾತಾಡ್ರಿ.

ಸುಯಮೀಂದ್ರ: ನೀ ಸುಮ್ಮನಿರು. ಇದ್ದದ್ದು ಹೇಳಲಿಕ್ಕೇ ಬೇಕಲ್ಲ. ಅವ್ವಾ, ನಾ ನಿನಗ ಹೆಂಗ ಹೇಳಲಿ ಅಂತ ಸಂಕೋಚ ಮಾಡಿಕೊಂಡಿದ್ದೆ. ಇದು ನಾಮದಾಗಿನ ಅರ್ಧಾ ನುಂಗತದ. ಇಂಥಾದ್ದು ದೇವರ ಮನ್ಯಾಗ ಒಂದು ಕ್ಷಣಾನೂ ಇರಬಾರದು. ಈಗಿಂದೀಗ ಹೊರಗ ಹಾಕು.

ಕೃಷ್ಣಾಬಾಯಿ: ಅಂದ್ರ ಮುಂಜಾನಿಂದ ಹೇಳಿದ್ದು ಯಾವುದೂ ಲೆಕ್ಕಕ್ಕಿಲ್ಲ?

ಸುಯಮೀಂದ್ರ: ಒಂದೂ ಇಲ್ಲ.

ಕೃಷ್ಣಾಬಾಯಿ: ಭೇಷಿ ಆತು. ಹಿತ್ತಲಕ್ಕ ಹೋಗಿ ನಾಕು ತಂಬಿಗಿ ನೀರು ಸುರಕೊಂಡು, ಮಡಿ ಉಟಗೊಂಡು ಬಾ. ನಿನ್ನ ಡಬ್ಬಿ ನೀನ ತೆಗಿ.

(ಗೆದ್ದ ಪೈಲವಾನನ ಹಾಗೆ ಸುಯಮೀಂದ್ರ ಹಿತ್ತಲ ಬಚ್ಚಲಿಗೆ ನಡೆದರು. ಮಡಿ ಪಂಚೆಯುಟ್ಟು, ನೀರು ಸೋರುವ ತಲೆಯಲ್ಲಿ ಬಂದು, ಕಲ್ಲೆತ್ತಿ, ವೈರು ಕಿತ್ತು, ಡಬ್ಬಿಯನ್ನು ಕೂಸಿನಂತೆ ಎದೆಗವಚಿಕೊಂಡರು. ಹೊರಗೆ ಕಾರಿನ ಹಾರ್ನ್ ಕೇಳಿಸಿತು.)

ಸುಯಮೀಂದ್ರ: ಬಸವೇಶ ಬಂದ. ಬರ್ತೇನವ್ವಾ.

ಕೃಷ್ಣಾಬಾಯಿ: ಎಲ್ಲಿಗೆ? ಕೂಡು ಆ ಮಣೀ ಮ್ಯಾಲೆ. ಡಬ್ಬಿ ನಿಂದು, ದೋಷಾನೂ ನಿಂದು. ಗಂಟಲಾ ನಂದು ಬಿದ್ದದ, ನಿಂದಂತೂ ಗಟ್ಟಿ ಅದ. ಕೆಟ್ಟ ಜಪಾ ದೀಪಾ ಹಚ್ಚೋತನಕ ನೀನ ತುಂಬಿ ಕೊಡು. ಮಗಾ ಮಾಡಿದ್ರ ತಾಯಿಗೆ ಸಲ್ಲತದ.

ಸುಯಮೀಂದ್ರ: ಅವ್ವಾ, ಹೊಸಾ ಪೆಡಲ್ ಅದ, ಅದು ಏನೂ ತಿನ್ನೂದಿಲ್ಲ…

ಕೃಷ್ಣಾಬಾಯಿ: ಡಬ್ಬಿ ಸಹವಾಸ ಇವತ್ತಿಗೆ ಸಾಕು.

ಸುಯಮೀಂದ್ರ: ದೀಪ್ತಿ, ನೀನಾದ್ರೂ ಒಂದು ಮಾತು ಹೇಳು.

ದೀಪ್ತಿ: ಹೇಳಿದ್ದೆ. ಸುಮ್ಮನಿರು ಅಂದ್ರಿ.

(ಅಷ್ಟರಲ್ಲಿ ಬ್ಯಾಂಡಿನ ಡ್ರಮ್ ವಾದಕ ಬಸವೇಶ ಚಪ್ಪಲಿ ಬಿಟ್ಟು ಪಡಸಾಲೆಗೆ ಬಂದ. ಮಣೆಯ ಮೇಲೆ ಕೂತ, ಒದ್ದೆ ತಲೆಯ, ಬರಿ ಮೈಯ ಗಿಟಾರ್ ವಾದಕರನ್ನು ನೋಡಿ ಅಲ್ಲೇ ನಿಂತ.)

ಬಸವೇಶ: ಡಾಕ್ಟರ, ಇವತ್ತ ಈ ಡ್ರೆಸ್ಸಿನ್ಯಾಗ ನುಡಸಾವ್ರೇನ್ರಿ?

ದೀಪ್ತಿ: ಅವರು ಬರೂದಿಲ್ಲ. ಜಪಕ್ಕ ಕೂತಾರ.

ಬಸವೇಶ: ಡಬ್ಬಿ?

ದೀಪ್ತಿ: ಅದರದು ಮುಗೀತು.

ಬಸವೇಶ: ಹಂಗಾರ ಚಿಂತಿಲ್ಲ ಬಿಡ್ರಿ. ತಡಸದ ಶೇಖಸಾಬ ಕಾರಿನ್ಯಾಗ ಕುಂತಾನ. ಬರೇ ಪ್ರೋಗ್ರಾಮ್ ನೋಡಾಕ ಹೊಂಟಿದ್ದ, ಆದರ ಗಿಟಾರ್ ಅವಂಗೂ ಬರತೈತಿ. ಡಬ್ಬಿ ಇತ್ತ ಕೊಡ್ರಿ, ಡಾಕ್ಟರ.

(ಡಾಕ್ಟರರ ಬಾಯಿ ತೆರೆಯಿತು. ಅವರಿಲ್ಲದೆ ಹಾನಗಲ್ಲ? ಶೇಖಸಾಬನ ಕಾಲ ಕೆಳಗೆ ತಮ್ಮ ಪೆಡಲ್?)

ಕೃಷ್ಣಾಬಾಯಿ: ಹೂಂ, ಜಪಕ್ಕ ಕೂತಾಂವ ನಾಮಾ ಬಿಟ್ಟು ಬ್ಯಾರೆ ಮಾತಾಡಿದ್ರ ಮತ್ತ ಮೊದಲಿಂದ.

(ತೆರೆದ ಬಾಯಿ ಮುಚ್ಚಿತು. ಬಸವೇಶ ಹೊಸ್ತಿಲಾಚೆಯಿಂದ ಕೈ ಚಾಚಿದ. ಸುಯಮೀಂದ್ರ ಡಬ್ಬಿಯನ್ನು ಬಿಡಲೊಲ್ಲದೆ ಬಿಟ್ಟರು.)

ಬಸವೇಶ: ಮನಸಿಗೆ ಹಚ್ಚಿಕೋಬ್ಯಾಡ್ರಿ, ಡಾಕ್ಟರ. ಪ್ರ್ಯಾಕ್ಟೀಸಿನ್ಯಾಗ ನೀವ ಅಂತಿದ್ರೆಲ್ಲ, ನನ್ನ ಕೈಯಾಗ ಏನಿಲ್ಲ, ಎಲ್ಲಾ ಆ ಡಬ್ಬ್ಯಾಗ ಐತಿ ಅಂತ. ನಾವೂ ನಂಬೇವಿ.

(ಕಾರು ಹಾನಗಲ್ಲ ದಾರಿ ಹಿಡಿದ ಸದ್ದು ಕೇಳುತ್ತ ಕೇಳುತ್ತ ದೂರವಾಯಿತು. ಸುಯಮೀಂದ್ರರ ಹೊಟ್ಟೆಯ ತಳದಿಂದ ಒಂದು ಧ್ವನಿ ಎದ್ದು ಬಂತು.)

ಸುಯಮೀಂದ್ರ: ರಾಮಾ…

ಕೃಷ್ಣಾಬಾಯಿ: ನೋಡು ದೀಪ್ತಿ, ಮೊದಲನೇ ನಾಮಕ್ಕ ಎಷ್ಟು ಭಕ್ತಿ ಬಂತು.