ಎಣ್ಣೆ ಕರಗಲಿಲ್ಲ, ಬೆಲ್ಲ ಉಳಿಯಲಿಲ್ಲ

ನೀರಿನಲ್ಲಿ ಯಾವುದು ಕರಗುತ್ತೆ, ಯಾಕೆ ಕರಗುತ್ತೆ ಅಂತ ಹೇಳಿಕೊಡೋದು ನನ್ನ ಕೆಲಸ. ಅಲ್ಲಾ, ಇಷ್ಟು ಸರಳ ಪಾಠಕ್ಕೆ ಅಷ್ಟೊಂದು ಎಡವಟ್ಟುಗಳು ಎಲ್ಲಿಂದ ಬಂದು ವಕ್ಕರಿಸುತ್ತವೋ, ನನಗಂತೂ ಇವತ್ತಿಗೂ ತಿಳಿದಿಲ್ಲ!

ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ಗೆ ಹೊಸದಾಗಿ ಸೇರಿದ್ದೆ. ನಾನು ಬಂದ ದಿನವೇ ಮಾಲೀಕರು ಹೇಳಿಬಿಟ್ಟರು: "ಭಾನುವಾರ ಡೆಮೊ ಕ್ಲಾಸು ಮೇಡಂ. ಮನೆಯೋರು ಮೆಚ್ಚಿ ಮಕ್ಕಳನ್ನ ಸೇರಿಸಿದ್ರೆ ವಿಜ್ಞಾನದ ಬ್ಯಾಚೂ ಇರುತ್ತೆ, ನೀವೂ ಇರ್ತೀರಿ. ಇಲ್ದಿದ್ರೆ ಎರಡೂ ಇಲ್ಲ." ನನಗೆ ಈ ಕೆಲಸ ಬೇಕೇ ಬೇಕಿತ್ತು. ಅವತ್ತಿನಿಂದ ಊಟ ರುಚಿಸಲಿಲ್ಲ.

ಎಣ್ಣೆಯ ಪರ ವಕಾಲತ್ತು

ಭಾನುವಾರಕ್ಕೆ ತಾಲೀಮು ಆಗಲಿ ಅಂತ, ಆಗಲೇ ಸೇರಿದ್ದ ನಾಲ್ಕಾರು ಮಕ್ಕಳಿಗೆ ಪಾಠ ಶುರುಮಾಡಿದೆ. "ನೀರಿನ ಕಣಗಳು ಸಕ್ಕರೆಯ ಕಣಗಳನ್ನ ಒಂದೊಂದಾಗಿ ಎಳೆದು ತಮ್ಮ ಮಧ್ಯೆ ಸೇರಿಸಿಕೊಳ್ತವೆ. ಅದಕ್ಕೇ ಸಕ್ಕರೆ ಕರಗುತ್ತೆ. ಎಣ್ಣೆಯನ್ನ ಮಾತ್ರ ಸೇರಿಸಲ್ಲ, ತಮ್ಮತಮ್ಮಲ್ಲೇ ಅಂಟಿಕೊಂಡಿರ್ತವೆ."

ಮುಂದಿನ ಬೆಂಚಿನ ಹುಡುಗಿಯ ಮುಖ ಸಪ್ಪಗಾಯ್ತು. "ಪಾಪ ಅಲ್ವಾ ಮಿಸ್? ಎಣ್ಣೆ ಏನು ತಪ್ಪು ಮಾಡಿತ್ತು?"

ಕ್ಲಾಸು ಎರಡು ಪಾಳೆಯವಾಯ್ತು. ನೀರಿಗೇ ಜಂಬ ಅಂತ ಅರ್ಧ, ಎಣ್ಣೆಯೇ ಹೊಂದಿಕೊಳ್ಳಬೇಕಿತ್ತು ಅಂತ ಇನ್ನರ್ಧ. ಗಂಟೆ ಹೊಡೆಯೋ ಹೊತ್ತಿಗೆ ನಾನೂ ಎಣ್ಣೆಯ ಕಡೆ ಮಾತಾಡ್ತಿದ್ದೆ.

ಅತ್ತೆಯ ಚಮಚ

ಇದು ಆಗಿಬರಲ್ಲ ಅಂತ ವಿಜಯನಗರದ ಮನೆಯಲ್ಲಿ ಅತ್ತೆಯ ಮುಂದೆ ತಾಲೀಮು. ಲೋಟದ ನೀರಿಗೆ ಅರಿಶಿನ ಹಾಕಿ, "ನೋಡಿ ಅತ್ತೆ, ಇದು ಕರಗಲ್ಲ" ಅಂದೆ.

"ನೀರೆಲ್ಲ ಹಳದಿ ಆಗ್ಬುಟ್ಟದೆ. ಇನ್ನೆಂಗಮ್ಮ ಕರಗಬೇಕು?"

"ಪುಡಿ ತೇಲ್ತಿದೆ ಅಷ್ಟೆ. ಸುಮ್ನೆ ಬಿಟ್ಟರೆ ತಳಕ್ಕೆ ಇಳಿಯುತ್ತೆ, ತಾಳಿ."

ಬಟ್ಟೆ ಒಣಹಾಕಿ ಬಂದು ನೋಡಿದೆ, ಹಳದಿ. ಪಾತ್ರೆ ತೊಳೆದು ಬಂದೆ, ಅದೇ ಹಳದಿ. ನಾನು ಓದಿದ್ದೇ ಸುಳ್ಳೋ ಏನು ಕರ್ಮವೋ ಅಂತ ತಲೆ ಕೆಟ್ಟುಹೋಯ್ತು. ಬಾಗಿಲ ಸಂದಿಯಿಂದ ಇಣುಕಿದರೆ, ಅತ್ತೆ ಚಮಚ ಹಿಡಿದು ನಿಂತಿದ್ದಾರೆ!

"ಯಾಕೆ ಕಲಕ್ತೀರಿ ಅತ್ತೆ?"

"ತಳಕ್ಕೆ ಕೂತ್ಬುಡ್ತಿತ್ತು ಕಣಮ್ಮ. ನಿನ್ನ ಪಾಠ ಕೆಡಬಾರದು ಅಂತ ಆಗಿಂದ ಕಾಯ್ತಾ ಇವ್ನಿ."

ಡೆಮೊ

ಭಾನುವಾರ ಬಂತು. ಬಾಗಿಲ ಬಳಿಯ ಮೇಜಿನ ಮೇಲೆ ತಟ್ಟೆ ತುಂಬ ಬೆಲ್ಲದ ಚೂರು, ಸಾಲಾಗಿ ನೀರಿನ ಲೋಟ, ಪಕ್ಕದಲ್ಲಿ ಕೊಬ್ಬರಿ ಎಣ್ಣೆ, ಮರಳು ಜೋಡಿಸಿದೆ. ಒಂದು ಲೋಟದಲ್ಲಿ, ನೀರು ತಿಳಿ ಮಾಡೋಕೆ ಹಾಕೋ ಒಗರು ಪಟಿಕ ಮೊದಲೇ ಕರಗಿಸಿಟ್ಟಿದ್ದೆ. ಚಮಚ ಮರೆತುಹೋಗಿತ್ತು, ತರೋಕೆ ಮಹಡಿಗೆ ಓಡಿದೆ.

ಕೆಳಗಿಳಿದು ಬಂದರೆ ತಟ್ಟೆ ಖಾಲಿ, ಲೋಟಗಳೂ ಖಾಲಿ. ಬಿಸಿಲಲ್ಲಿ ಬಂದೋರ ಮುಂದೆ ಬೆಲ್ಲ, ನೀರು ಇಟ್ಟರೆ ನಮ್ಮ ಜನ ಇನ್ನೇನು ಮಾಡ್ತಾರೆ? ಬಾಯಿ ಒರೆಸಿಕೊಂಡು ಮಕ್ಕಳು, ಮನೆಯೋರು ಎಲ್ಲರೂ ಸಾಲಾಗಿ ಕೂತಿದ್ದಾರೆ. ಉಳಿದಿದ್ದು ಎಣ್ಣೆ ಮತ್ತು ಮರಳು. ಮಾಲೀಕರು ಬೇರೆ "ಶುರುಮಾಡಿ ಮೇಡಂ" ಅಂತ ಕೈಸನ್ನೆ ಮಾಡ್ತಿದ್ದಾರೆ. ನನಗೆ ಅಳುವೇ ಬಂದುಬಿಡ್ತು.

ಏನೋ ಒಂದು ಒದರಿದೆ. "ನೀರಲ್ಲಿ ಕರಗಿದ್ದು ಕಣ್ಣಿಗೆ ಕಾಣಲ್ಲ. ಆದರೆ ಅದು ಎಲ್ಲೂ ಹೋಗಿರಲ್ಲ!"

ಮೊಮ್ಮಗಳ ಜೊತೆ ಬಂದಿದ್ದ ತಾತ ಮುಖ ಹಿಂಡಿಕೊಂಡು ಎದ್ದರು. "ದಿಟ ಕಣಮ್ಮ. ಎಲ್ಲೂ ಹೋಗಿಲ್ಲ. ನಾಲಗೆ ಮೇಲೇ ಅದೆ. ಏನು ಹಾಕಿದ್ದೆ?"

"ಪಟಿಕ ತಾತ..."

ಕೆಲಸ ಹೋಯ್ತು ಅಂದುಕೊಂಡೆ. ತಾತ ಎಲ್ಲರ ಕಡೆ ತಿರುಗಿದರು. "ನಮ್ಮ ಮಗೂನ ಇಲ್ಲೇ ಸೇರಿಸ್ತೀನಿ ಕಣ್ರೀ. ಬಂದೋರಿಗೆ ಬೆಲ್ಲ ನೀರು ಕೊಡೋ ಟ್ಯುಟೋರಿಯಲ್ಲು ನಾನೆಲ್ಲೂ ಕಂಡಿಲ್ಲ!"

ಉಳಿದವರೂ ಹೌದೌದು ಅಂದರು, ಎಲ್ಲರೂ ಸೇರಿಸಿಯೇ ಹೋದರು. ಮಾಲೀಕರು ಓಡಿ ಬಂದರು. "ಬ್ಯಾಚು ನಿಮ್ಮದೇ ಮೇಡಂ! ಮುಂದಿನ ಭಾನುವಾರ ಗಣಿತದ ಡೆಮೊ ಇದೆ. ಅದಕ್ಕೂ ಇದೇ ಪ್ರಯೋಗ ಇಟ್ಬುಡಿ."